ಸಹಾಯ ಬೇಕು: ಬೆನ್ನಿನ ನೀರಿನ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಪಿಸಿಆರ್ ಪರೀಕ್ಷೆ ಎಲ್ಲಿ ಮಾಡಿಸುವುದು?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ, ಆರು ವರ್ಷದವನು, ನಾಲ್ಕು ದಿನದಿಂದ ಐಸಿಯುನಲ್ಲಿದ್ದಾನೆ. ಜ್ವರ, ವಾಂತಿ, ಕತ್ತು ಬಗ್ಗಿಸಲು ಆಗುತ್ತಿರಲಿಲ್ಲ. ಡಾಕ್ಟರಿಗೆ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಅನುಮಾನ ಬಂತು. ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದರು. ನರ್ಸ್ ಕೈಯಲ್ಲಿದ್ದ ಪುಟ್ಟ ಬಾಟಲಿಯನ್ನು ನಾನೇ ನೋಡಿದೆ. ತಿಳಿನೀರಿನ ಹಾಗೆ ಇರಬೇಕಂತೆ. ಇದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಎದೆ ಧಸಕ್ಕೆಂದಿತು.

ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ 1,850, ಅದರಲ್ಲಿ ಜಾಸ್ತಿ ನ್ಯೂಟ್ರೋಫಿಲ್ ಎಂಬ ಬಗೆಯವು. ಪ್ರೋಟೀನ್ 190. ಗ್ಲೂಕೋಸ್ ಬರೀ 22, ಅದೇ ಹೊತ್ತಿಗೆ ರಕ್ತದಲ್ಲಿ 104 ಇತ್ತು. ಸಾಮಾನ್ಯವಾಗಿ ರಕ್ತದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕಂತೆ. ಇದು ಬ್ಯಾಕ್ಟೀರಿಯಾದ ಲಕ್ಷಣವೇ ಎಂದರು ಡಾಕ್ಟರು. ಆದರೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಏನೂ ಕಾಣಲಿಲ್ಲ. ಮೂರು ದಿನವಾದರೂ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಊರಿನ ಕ್ಲಿನಿಕ್‌ನಲ್ಲಿ ಮೊದಲೇ ಎರಡು ದಿನ ಆಂಟಿಬಯೋಟಿಕ್ ಕೊಟ್ಟಿದ್ದರು, ಅದಕ್ಕೇ ಹೀಗಾಗಿರಬಹುದು ಎನ್ನುತ್ತಾರೆ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾದರೆ ಯಾವ ಔಷಧಿ, ಎಷ್ಟು ದಿನ ಅಂತ ಸರಿಯಾಗಿ ಹೇಳಬಹುದು, ಅಲ್ವಾ?

ಪಿಸಿಆರ್ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಸಿಗಬಹುದಂತೆ. ಸ್ವಲ್ಪ ಸ್ಯಾಂಪಲ್ ಫ್ರಿಜ್‌ನಲ್ಲಿ ಉಳಿದಿದೆ. ಇಲ್ಲಿನ ಲ್ಯಾಬ್‌ನಲ್ಲಿ ಆ ಸೌಲಭ್ಯ ಇಲ್ಲ. ನಾವಿರುವುದು ಹಾಸನದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಬೇರೆ ಕಡೆಯೋ ಹೊರಗಿನ ಸ್ಯಾಂಪಲ್ ತೆಗೆದುಕೊಳ್ಳುತ್ತಾರಾ? ಐಸ್ ಡಬ್ಬದಲ್ಲಿ ನಾವೇ ತರಬಹುದಾ? ಡಾಕ್ಟರಿಂದ ಯಾವ ಪತ್ರ ಬೇಕು? ಖರ್ಚು ಎಷ್ಟಾಗುತ್ತದೆ?

ಇಂಜೆಕ್ಷನ್ ನಡೆಯುತ್ತಿದೆ. ನಿನ್ನೆ ಸಂಜೆ ಕಣ್ಣು ಬಿಟ್ಟು "ಅಮ್ಮಾ, ನೀರು" ಎಂದ. ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಮಕ್ಕಳ ಡಾಕ್ಟರು ಯಾರಾದರೂ ಇದ್ದರೆ ದಯವಿಟ್ಟು ಇವತ್ತೇ ತಿಳಿಸಿ. ರಾತ್ರಿ ಬಸ್ಸಿಗೆ ಹೊರಡಲು ನಾನು ತಯಾರಿದ್ದೇನೆ.