ಅಪ್ಪ, ಅವ್ವ, ಮಕ್ಕಳ ಜೊತೆ ಚಟ್ಟನೂಗಾದಲ್ಲಿ ಎರಡು ದಿನ

ಹುಬ್ಬಳ್ಳಿ ವಿದ್ಯಾನಗರ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮೆರಿಕದ ಅಟ್ಲಾಂಟಾದಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಕಾರಿನಲ್ಲಿ ಎರಡು ತಾಸು, ಟೆನೆಸ್ಸೀ ರಾಜ್ಯದ ಚಟ್ಟನೂಗಾ ಊರಿಗೆ ಹೋಗಿ ಎರಡು ದಿನ ಇರೋಣ ಅಂತ ಅವನ ಆಸೆ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದವರು. ಅವ್ವನಿಗೆ ಮೊಣಕಾಲು ನೋವು. ಮಕ್ಕಳಿಬ್ಬರು, ಏಳು ಮತ್ತು ಹನ್ನೊಂದು ವರ್ಷ. ಎಲ್ಲರಿಗೂ ಹೊಂದುವಂಥದ್ದು ಏನಿದೆ, ಏನು ಬಿಡಬಹುದು ಹೇಳಿ.

ಗದಗದವಳು, ಈಗ ಅಟ್ಲಾಂಟಾ:
ಅಕ್ಕಾ, ನಮ್ಮ ಅತ್ತೆ ಮಾವ ಬಂದಾಗ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಟೆನೆಸ್ಸೀ ಅಕ್ವೇರಿಯಂ ಸಾಕು. 1992ರಲ್ಲಿ ಶುರುವಾದದ್ದು. ಎರಡು ಕಟ್ಟಡ, ಒಂದರಲ್ಲಿ ನದಿಯ ಮೀನು, ಪ್ರಾಣಿಗಳು, ಇನ್ನೊಂದರಲ್ಲಿ ಸಮುದ್ರದವು. ನದಿಯ ಕಟ್ಟಡದಲ್ಲಿ ಮೊದಲು ಮೇಲಕ್ಕೆ ಹೋಗಿ, ಆಮೇಲೆ ಇಳಿಜಾರಿನಲ್ಲಿ ನಿಧಾನ ಕೆಳಗೆ ಬರುತ್ತೀರಿ, ಬೆಟ್ಟದಲ್ಲಿ ಹುಟ್ಟಿದ ನೀರು ಸಮುದ್ರ ಸೇರಿದ ಹಾಗೆ. ಅವ್ವನಿಗೆ ಮೆಟ್ಟಿಲಿನ ತ್ರಾಸಿಲ್ಲ. ರೂಬಿ ಫಾಲ್ಸ್ ಬಿಡಿ ಅಂತೀನಿ. ಗುಹೆಯೊಳಗೆ 145 ಅಡಿ ಎತ್ತರದಿಂದ ನೀರು ಬೀಳುತ್ತದೆ, ಚೆಂದ ಇದೆ, ಆದರೆ ಲಿಫ್ಟಿನಲ್ಲಿ ಇಳಿದ ಮೇಲೂ ಇಕ್ಕಟ್ಟಿನ ದಾರಿಯಲ್ಲಿ ಜಾಸ್ತಿ ನಡೆಯಬೇಕು. ಮೊಣಕಾಲು ನೋವಿದ್ದವರಿಗೆ ಆಗುವುದಿಲ್ಲ.

ಧಾರವಾಡ ಸಪ್ತಾಪುರ:
ಅಕ್ವೇರಿಯಂ ಪಕ್ಕದಲ್ಲೇ ನದಿ ಕಡೆ ಇಳಿಯುವ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತದೆ, ಗೋಡೆಯಲ್ಲಿ ಮಣ್ಣಿನ ದೊಡ್ಡ ದೊಡ್ಡ ಬಿಲ್ಲೆಗಳಿವೆ. ಮಕ್ಕಳು ಸುಮ್ನೆ ಆಟ ಆಡೋ ಜಾಗ ಅಂದುಕೊಳ್ಳುತ್ತಾರೆ. ಆಡಲಿ, ಆದರೆ ಹನ್ನೊಂದು ವರ್ಷದವನಿಗೆ ಅದೇನೆಂದು ಹೇಳಿ. ಈ ದಡಕ್ಕೆ ರಾಸ್ ಲ್ಯಾಂಡಿಂಗ್ ಅಂತ ಹೆಸರು. ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ಮುಖ್ಯಸ್ಥ ಜಾನ್ ರಾಸ್ ಅಂಗಡಿ, ದೋಣಿ ಇಟ್ಟುಕೊಂಡಿದ್ದ ಜಾಗ. 1838ರಲ್ಲಿ ಅದೇ ಚೆರೋಕಿ ಜನರನ್ನು ಅಮೆರಿಕದ ಸೈನ್ಯ ಹಿಡಿದು ಇಲ್ಲಿಂದ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಅವರ ನೆನಪಿಗೇ ಆ ಮೆಟ್ಟಿಲು, ಆ ಬಿಲ್ಲೆಗಳು. ಅದೇ ವರ್ಷ ಊರಿಗೆ ಚಟ್ಟನೂಗಾ ಅಂತ ಹೆಸರಿಟ್ಟರು. ಇದನ್ನು ತಿಳಿಯದೆ ಆ ಊರು ನೋಡಿದರೆ ಅರ್ಧ ನೋಡಿದ ಹಾಗೆ.

ಹಾವೇರಿಯವನು:
ಅಕ್ಕಾವ್ರೇ, ನಿಮ್ಮ ಅಪ್ಪ ವರ್ಕ್‌ಶಾಪಿನವರು ಅಂದಮೇಲೆ ಎರಡನೇ ದಿನ ಟೆನೆಸ್ಸೀ ವ್ಯಾಲಿ ರೈಲ್‌ರೋಡ್ ಮ್ಯೂಸಿಯಂ ತಪ್ಪಿಸಲೇಬೇಡಿ. ಹಳೇ ಬೋಗಿಯಲ್ಲಿ ಕೂತು ಒಂದು ತಾಸಿನೊಳಗೆ ಹೋಗಿ ಬರುವ ಸವಾರಿ. ಮಿಷನರಿ ರಿಡ್ಜ್ ಗುಡ್ಡದ ಕೆಳಗಿನ ಸುರಂಗ 1858ರದ್ದು, ಅಮೆರಿಕದ ಅಂತರ್ಯುದ್ಧಕ್ಕಿಂತ ಮುಂಚಿನದು. ಆ ಕಡೆ ತುದಿಯಲ್ಲಿ ಇಳಿಸುತ್ತಾರೆ. ಇಂಜಿನ್ ಒಂದೇ ಹೋಗಿ ಗುಂಡನೆಯ ತಿರುಗುಮಣೆ ಮೇಲೆ ನಿಲ್ಲುತ್ತದೆ, ಅದು ಮೆಲ್ಲಗೆ ತಿರುಗಿ ಇಂಜಿನ್ನಿನ ಮುಖ ಈ ಕಡೆಗಾಗುತ್ತದೆ. ಪಕ್ಕದಲ್ಲೇ ರಿಪೇರಿ ಶೆಡ್ಡಿದೆ. ಎಣ್ಣೆ ವಾಸನೆ, ಬಿಚ್ಚಿಟ್ಟ ಬಾಯ್ಲರು, ಗಾಲಿಗಳು. ನಾನು ಹೋದಾಗ ಒಬ್ಬ ಅಜ್ಜ ಸ್ಪ್ಯಾನರ್ ಹಿಡಿದುಕೊಂಡೇ ಎಲ್ಲ ವಿವರಿಸಿದರು. ಉಗಿ ಇಂಜಿನ್ ಯಾವ ದಿನ ಅಂತ ಮೊದಲೇ ನೋಡಿ, ಎಲ್ಲ ದಿನ ಇರುವುದಿಲ್ಲ.
ಸಂಜೆ ಲುಕ್‌ಔಟ್ ಬೆಟ್ಟಕ್ಕೆ ಇನ್‌ಕ್ಲೈನ್ ರೈಲು, ಅಂದರೆ ಕಡಿದಾದ ಬೆಟ್ಟ ಏರುವ ರೈಲು, 1895ರದ್ದು. ಎರಡು ಡಬ್ಬಿ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ನಡುವೆ ಒಂದನ್ನೊಂದು ದಾಟುತ್ತವೆ. ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ.

ಹುಬ್ಬಳ್ಳಿ ವಿದ್ಯಾನಗರ:
ತುಂಬಾ ಉಪಕಾರ ಆಯಿತು. ತಿರುಗುಮಣೆಯ ವಿಷಯ ಅಪ್ಪನಿಗೆ ಓದಿ ಹೇಳಿದೆ. ಎದ್ದು ಹೋಗಿ ಕನ್ನಡಕ ತಂದು, ಎಲ್ಲಿ, ನಾನೇ ಓದ್ತೀನಿ ಕೊಡು ಅಂದರು.