ಹೆಣ್ಣು ನೋಡೋ ದಿನ ಪಕ್ಕದ ಮನೆ ಫಾರ್ಚುನರ್ ನಮ್ಮ ಗೇಟ್ ಮುಂದೆ ನಿಲ್ಲಬೇಕಂತೆ. ಒಪ್ಪಬೇಕಾ?

ಮೈಸೂರ್ ಟೀಚರಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಮೂವತ್ತು ಅಡಿ ಅಗಲದ ಮನೆ ಮುಂದೆ ಎರಡು ತೆಂಗಿನಮರ, ಒಂದು ಗೇಟು. ಗೇಟಿನ ಪಕ್ಕದಲ್ಲಿ ನಮ್ಮ 2009ರ ಆಲ್ಟೊ. 2024ರಲ್ಲಿ ಹದಿನೈದು ವರ್ಷ ತುಂಬಿತು ಅಂತ ಆರ್‌ಸಿ ರಿನ್ಯೂ ಮಾಡಿಸಿದೆವು, ಅದರ ಫೀಸೇ 5000 ರೂಪಾಯಿ. ಎಡಗಡೆ ಬಾಗಿಲನ್ನು ಎರಡು ಸಲ ಎಳೀಬೇಕು, ಮೊದಲನೇ ಸಲಕ್ಕೆ ತೆಗೆಯಲ್ಲ. ಅದು ಬಿಟ್ಟರೆ ಗಾಡಿ ಚೆನ್ನಾಗಿದೆ.

ಪಕ್ಕದ ಮನೆಯವರು ರಿಂಗ್ ರೋಡ್ ಆಚೆ ಇದ್ದ ಜಮೀನು ಮಾರಿ ಫಾರ್ಚುನರ್ ತಗೊಂಡು ಎಂಟು ತಿಂಗಳಾಯಿತು. ತಗೊಳ್ಳಲಿ, ಅವರ ದುಡ್ಡು. ಆದರೆ ಗಾಡಿ ಬಂದಾಗಿನಿಂದ ನಮ್ಮ ಬೀದಿಗೆ ಬೇರೆ ಮಾತೇ ಇಲ್ಲ. ಬೆಳಿಗ್ಗೆ ಐದೂವರೆಗೆ ಟೊಯ್ಕ್ ಟೊಯ್ಕ್ ಅಂತ ಲಾಕ್ ತೆಗೆದು, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಸುಮ್ನೆ ಗುರುಗುಟ್ಟಿಸುತ್ತಾರೆ. ‘ಡೀಸೆಲ್ ಇಂಜಿನ್ ಟೀಚರಮ್ಮ, ಬಿಸಿ ಆಗ್ಬೇಕು’ ಅಂತಾರೆ. ಬಿಸಿ ಆದ ಮೇಲೆ ಆಫ್ ಮಾಡಿ ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ನಲ್ಲಿ ನೀರು ಬರುವ ಹೊತ್ತಿಗೆ ಪೈಪ್ ಹಿಡಿದು ಗಾಡಿಗೆ ಸ್ನಾನ. ಸೀಟಿನ ಪ್ಲಾಸ್ಟಿಕ್ ಕವರ್ ಇವತ್ತಿಗೂ ತೆಗೆದಿಲ್ಲ. ಅವರ ಮನೆಯಾಕೆ ಹತ್ತಿ ಕೂತರೆ ಪರಪರ ಅಂತ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಪಾಪ, ಬೇಸಿಗೆಯಲ್ಲಿ ಆ ಪ್ಲಾಸ್ಟಿಕ್ ಮೇಲೆ ರೇಷ್ಮೆ ಸೀರೆ ಉಟ್ಟು ಹೇಗೆ ಕೂರುತ್ತಾರೋ.

ಆಯುಧಪೂಜೆ ದಿನದ್ದು ಒಂದು ಹೇಳಲೇಬೇಕು. ನಮ್ಮೂರ ಅರಮನೆಯಲ್ಲಿ ಆನೆ, ಕುದುರೆ, ಕತ್ತಿ ಜತೆ ಕಾರಿಗೂ ಪೂಜೆ ಆಗುತ್ತದೆ. ಇವರದು ಅದನ್ನೂ ಮೀರಿಸಿತು. ಎರಡೂ ಕಡೆ ಬಾಳೆಕಂದು, ಬಾನೆಟ್ ಪೂರ್ತಿ ಮುಚ್ಚುವಷ್ಟು ಸೇವಂತಿಗೆ ಹಾರ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಸಾಲದು ಅಂತ ಸ್ಟೆಪ್ನಿಗೂ ಒಂದು ಕಟ್ಟಿದರು. ಬೂದುಗುಂಬಳ ಒಡೆದದ್ದು ನಮ್ಮ ಗೇಟಿನ ಮುಂದೆ. ಕುಂಕುಮದ ನೀರು ಮಾತ್ರ ನಮ್ಮ ರಂಗೋಲಿ ಮೇಲೆ ಹರಿಯಿತು. ನಮ್ಮ ಯಜಮಾನರು ಆಲ್ಟೊಗೆ ಒಂದು ಮೊಳ ಹೂವು ಹಾಕಿ, ಒಂದು ಊದುಬತ್ತಿ ಹಚ್ಚಿ, ಬೇಗ ಒಳಗೆ ಬಂದುಬಿಟ್ಟರು. ಮುಂಚೆ ಹಾಗೆ ಮಾಡುತ್ತಿರಲಿಲ್ಲ. ಪಕ್ಕದವರ ಜತೆ ನಿಂತು ಹರಟುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ಮಗಳನ್ನು ನೋಡೋಕೆ ಹಾಸನದಿಂದ ಗಂಡಿನ ಕಡೆಯವರು ಬರುತ್ತಿದ್ದಾರೆ. ಹುಡುಗ ಇಂಜಿನಿಯರ್, ಮನೆತನ ಒಳ್ಳೆಯದು ಅಂತ ಕೇಳಿದ್ದೇವೆ. ಹೆಂಗೋ ಪಕ್ಕದವರಿಗೆ ಗೊತ್ತಾಯಿತು. ನಿನ್ನೆ ಸಂಜೆ ಕಾಂಪೌಂಡ್ ಮೇಲೆ ಕೈಯಿಟ್ಟು ಹೇಳಿದರು: ‘ಮೇಷ್ಟ್ರೇ, ಭಾನುವಾರ ನನ್ನ ಗಾಡಿ ನಿಮ್ಮ ಗೇಟ್ ಮುಂದೆ ನಿಲ್ಲಿಸ್ತೀನಿ. ಬರೋರಿಗೆ ಒಂದು ಲೆವೆಲ್ ಅನ್ಸುತ್ತೆ. ಆಲ್ಟೊನ ಅತ್ಲಾಗೆ ಪಾರ್ಕ್ ಹತ್ರ ನಿಲ್ಸಿಬಿಡಿ.’ (ನಮ್ಮ ಯಜಮಾನರು ಮೇಷ್ಟ್ರಲ್ಲ, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು. ನಾನು ಟೀಚರ್ ಆದ್ದರಿಂದ ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಮಾಡಿಟ್ಟಿದ್ದಾರೆ.)

ಇವರು ‘ಆಗ್ಲಿ’ ಅಂದುಬಿಟ್ಟರು! ನನಗೆ ರಾತ್ರಿ ಊಟ ಸೇರಲಿಲ್ಲ.

ಆದರೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 2016ರಲ್ಲಿ ಒಂದು ರಾತ್ರಿ ಅವರ ತಾಯಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಇದೇ ಆಲ್ಟೊದಲ್ಲಿ. ಆಗ ಅವರ ಹತ್ತಿರ ಒಂದು ಸ್ಪ್ಲೆಂಡರ್ ಇತ್ತು ಅಷ್ಟೆ. ನಿನ್ನೆ ಕೊನೆಗೆ ಅವರು ಅದನ್ನೂ ನೆನಪು ಮಾಡಿಕೊಂಡರು. ‘ಅವತ್ತು ನಿಮ್ಮ ಕಾರು ನಮಗಾಯ್ತಲ್ಲ, ಇವತ್ತು ನಮ್ಮದು ನಿಮಗಾಗ್ಬೇಡ್ವಾ?’ ಅಂದರು. ಇದು ಜಂಬವಾ, ಪ್ರೀತಿಯಾ, ನನಗೇ ತಿಳಿಯುತ್ತಿಲ್ಲ. ಆಲ್ಟೊನ ಬಚ್ಚಿಡಬೇಕು ಅನ್ನೋದು ಮಾತ್ರ ಚುಚ್ಚುತ್ತಿದೆ. ಮುಖಕ್ಕೆ ಹೊಡೆದ ಹಾಗೆ ಆಗದಂತೆ ಬೇಡ ಅನ್ನೋದು ಹೇಗೆ?

ಸಾಲದ ಫೈಲು:

ಮೇಡಂ, ನಾನು ಬ್ಯಾಂಕಿನಲ್ಲಿ ವಾಹನ ಸಾಲದ ಸೀಟಿನಲ್ಲಿ ಕೂರುವವನು. ನಿಮ್ಮ ಪಕ್ಕದವರು ಜಮೀನು ಮಾರಿ ಪೂರ್ತಿ ಕೊಟ್ಟಿದ್ದರೆ ಬೇರೆ ಮಾತು. ನನ್ನ ಮುಂದೆ ಬರುವವರಲ್ಲಿ ಹೆಚ್ಚಿನವರ ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. 20 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 7 ವರ್ಷ ಅಂದರೆ ತಿಂಗಳಿಗೆ 32 ಸಾವಿರ ಚಿಲ್ಲರೆ ಕಂತು. ಮುಗಿಯೋ ಹೊತ್ತಿಗೆ 27 ಲಕ್ಷ ಕಟ್ಟಿರುತ್ತಾರೆ. ಗಾಡಿಗೆ ನಾಲ್ಕು ವರ್ಷ ದಾಟಿದರೆ ಇನ್ಶೂರೆನ್ಸ್ ಲೆಕ್ಕದಲ್ಲಿ ಅದರ ಬೆಲೆ ಅರ್ಧ.

ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸೂ ಕಮ್ಮಿ ಏನಲ್ಲ. 20 ಲಕ್ಷ ದಾಟಿದ ಗಾಡಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. 40 ಲಕ್ಷದ ಗಾಡಿ ಅಂದರೆ ಬರೀ ತೆರಿಗೆಯೇ 7 ಲಕ್ಷ ದಾಟುತ್ತದೆ. ಆ ದುಡ್ಡಿಗೆ ಹೊಸದೊಂದು ಸಣ್ಣ ಕಾರೇ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18ಕ್ಕೆ ಇಳಿದಿದೆ, ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ ನೋಡಿ. (ಫಾರ್ಚುನರ್‌ಗೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಒಳ್ಳೇ ರೇಟಿದೆ, ಅದನ್ನು ಒಪ್ಪಬೇಕು.)

ನಿಮ್ಮ ಪ್ರಶ್ನೆಗೆ ಉತ್ತರ: ನಿಲ್ಲಿಸಬೇಡಿ. ಈಗ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಗಾಡಿ ಯಾವ ವರ್ಷದ್ದು, ಇನ್ಶೂರೆನ್ಸ್ ಎಲ್ಲಿವರೆಗಿದೆ ಎಲ್ಲ ಬರುತ್ತದೆ. ಮಾಲೀಕರ ಹೆಸರು ಪೂರ್ತಿ ತೋರಿಸಲ್ಲ, ಆದರೆ ಮೊದಲ ಅಕ್ಷರ ಸಾಕು ಕಂಡುಹಿಡಿಯೋಕೆ. ನಮ್ಮ ಅಕ್ಕನ ಮಗಳಿಗೆ ಗಂಡು ನೋಡುವಾಗ ನಾವೇ ಮಾಡಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಮಂಡ್ಯದ ಹೈದ:

ಅಕ್ಕಾ, ನಿಮ್ಮ ಪಕ್ಕದ ಮನೆಯವನ ಪರವಾಗಿ ಮಾತಾಡೋಕೆ ಯಾರೂ ಇಲ್ಲ ಅನ್ನಿಸಿತು, ನಾನು ಮಾತಾಡ್ತೀನಿ. ನನ್ನ ಹತ್ತಿರವೂ ಅಂಥದ್ದೇ ದೊಡ್ಡ ಗಾಡಿ ಇದೆ. ಹಿಂದಿನ ಗ್ಲಾಸ್ ಮೇಲೆ ‘ಅಪ್ಪನ ಆಶೀರ್ವಾದ’ ಅಂತ ಬರೆಸಿದ್ದೀನಿ. ನಗೋರು ನಗ್ಲಿ.

ನಮ್ಮಪ್ಪ ಒಂದು ರೈಸ್ ಮಿಲ್ ಓನರ್ ಹತ್ತಿರ ಅಂಬಾಸಿಡರ್ ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಓಡಿಸಿದರು. ನಮ್ಮ ಮನೆ ಮುಂದೆ ದಿನಾ ರಾತ್ರಿ ಆ ಕಾರು ನಿಲ್ಲುತ್ತಿತ್ತು, ಆದರೆ ನಾವು ಮಕ್ಕಳು ಮುಟ್ಟೋ ಹಾಗಿರಲಿಲ್ಲ. ಒಂದು ಸಲ ನನ್ನ ತಂಗಿಗೆ ಜ್ವರ ಬಂದು ಆಸ್ಪತ್ರೆಗೆ ಹೋಗಬೇಕಾಯಿತು. ಕಾರು ಬಾಗಿಲಲ್ಲೇ ನಿಂತಿತ್ತು. ನಮ್ಮಪ್ಪ ಅವಳನ್ನ ಹೆಗಲ ಮೇಲೆ ಹಾಕಿಕೊಂಡು ನಡೆದರು. ಕೇಳಿದ್ದರೆ ಓನರ್ ಬೇಡ ಅನ್ನುತ್ತಿರಲಿಲ್ಲವೇನೋ. ನಮ್ಮಪ್ಪ ಕೇಳಲಿಲ್ಲ.

ನಾನು ಗಾಡಿ ತಗೊಂಡ ದಿನ ಅಪ್ಪನನ್ನ ಹಿಂದಿನ ಸೀಟಲ್ಲಿ ಕೂರಿಸಿ ಊರೆಲ್ಲಾ ಮೂರು ರೌಂಡ್ ಹೊಡೆದೆ, ಆ ಮಿಲ್ ಮುಂದೆ ಎರಡು ಸಲ. ಅದಕ್ಕೆ ನಮ್ಮ ಬೀದಿಯವರು ‘ಮೆರೀತಾನೆ’ ಅಂದರು. ಹೌದು, ಮೆರೆದೆ.

ಸ್ಪ್ಲೆಂಡರ್ ಇಟ್ಟುಕೊಂಡಿದ್ದವನಿಗೆ ಅರ್ಧ ರಾತ್ರಿಯಲ್ಲಿ ಪಕ್ಕದ ಮನೆ ಬಾಗಿಲು ತಟ್ಟಿ ಕಾರು ಕೇಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಲ್ಲ ಅಕ್ಕಾ. ಆತ ಎಂಟು ತಿಂಗಳಿಂದ ಆ ಋಣ ತೀರಿಸೋಕೆ ಒಂದು ದಾರಿ ಹುಡುಕ್ತಾ ಇರಬೇಕು. ಅದು ಹೇಗೆ ಕೇಳಬೇಕು ಅಂತ ಅವನಿಗೆ ಬರಲಿಲ್ಲ, ಅಷ್ಟೆ. ಆಲ್ಟೊನ ಅತ್ಲಾಗೆ ಹಾಕಿ ಅಂದದ್ದು ಮಾತ್ರ ತಪ್ಪು, ಅದಕ್ಕೆ ನಾನೂ ಬೈತೀನಿ.

ಗಿರ್ಮಿಟ್:

ಅಕ್ಕಾರ, ನಿಲ್ಲಿಸ್ಲಿ ಬಿಡ್ರಿ. ಆದ್ರ ಕೀಲಿ ಮಾತ್ರ ನೀವ ಇಸ್ಕೊಂಡು ಇಟ್ಕೋರಿ. ಹತ್ತತ್ರ ಹದಿನಾರು ಫೂಟ್ ಗಾಡಿ ಅದು, ನಿಮ್ಮ ಮನೀ ಅಗಲದಾಗ ಅರ್ಧ ತಿಂತದ. ಬೀಗರ ಗಾಡಿ ಎಲ್ಲಿ ನಿಲ್ಲಿಸ್ತೀರಿ, ತೆಂಗಿನ ಗಿಡದ ಮ್ಯಾಲೇನು?

ಸ್ಕೂಟಿ ಹುಡುಗಿ:

ಮಗಳನ್ನ ಯಾರಾದ್ರೂ ಕೇಳಿದ್ರಾ?

ಮೈಸೂರ್ ಟೀಚರಮ್ಮ:

ಕೇಳಿದೆ ಕಣಮ್ಮ. ‘ಯಾವ ಕಾರು ಬೇಕಾದ್ರೂ ನಿಲ್ಲಿಸ್ಕೊಳ್ಳಿ, ನನ್ನ ಸ್ಕೂಟಿ ಮಾತ್ರ ಎತ್ತಿ ಆಚೆ ಇಡಬೇಡಿ’ ಅಂದಳು. ಮೊಬೈಲ್‌ನಿಂದ ತಲೆ ಎತ್ತದೆ.

ಮಂಡ್ಯದ ತಮ್ಮಾ, ನಿಮ್ಮದನ್ನು ಯಜಮಾನರಿಗೆ ಜೋರಾಗಿ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಅವರು ಏನೂ ಹೇಳದೆ ಎದ್ದು ಹೋಗಿ ಆಲ್ಟೊ ಒರೆಸುತ್ತಾ ನಿಂತರು. ಭಾನುವಾರ ಏನಾಯಿತು ಅಂತ ಬರೆಯುತ್ತೇನೆ.

ಮೈಸೂರ್ ಟೀಚರಮ್ಮ:

ತುಂಬಾ ಜನ ಕೇಳಿದ್ದೀರಿ, ಬರೆಯೋದು ತಡವಾಯಿತು.

ಶನಿವಾರ ರಾತ್ರಿ ನಾನು ಏನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಯಜಮಾನರು ಆಲ್ಟೊ ತೊಳೆದು, ಹಿಂದೆ ಮುಂದೆ ಮಾಡಿ, ಗೇಟಿನ ನೇರಕ್ಕೆ ತಂದು ನಿಲ್ಲಿಸಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಕೀ ಜೇಬಿಗೆ ಹಾಕಿಕೊಂಡು, ಪೇಪರ್ ಓದುತ್ತಾ ಜಗಲಿ ಮೇಲೆ ಕೂತಿದ್ದರು. ಪಕ್ಕದವರು ಬಂದು ನೋಡಿದರು. ಒಂದು ನಿಮಿಷ ತಲೆ ಕೆರೆದುಕೊಂಡರು. ಆಮೇಲೆ ಫಾರ್ಚುನರ್ ತಂದು ಆಲ್ಟೊ ಹಿಂದೆಯೇ ನಿಲ್ಲಿಸಿದರು, ಅರ್ಧ ನಮ್ಮ ಮನೆ ಮುಂದೆ, ಅರ್ಧ ಅವರ ಮನೆ ಮುಂದೆ. ಇಬ್ಬರೂ ಮಾತಾಡಲಿಲ್ಲ. ನಾನು ಒಳಗಿನಿಂದ ಎರಡು ಲೋಟ ಕಾಫಿ ಕಳಿಸಿದೆ.

ಗಂಡಿನ ಕಡೆಯವರು ರಾಹುಕಾಲಕ್ಕೆ ಮುಂಚೆ ಅಂತ ಮೂರೂವರೆಗೇ ಬಂದರು, ಒಂದು ಬೂದು ಬಣ್ಣದ ಹಳೇ ವ್ಯಾಗನ್‌ಆರ್‌ನಲ್ಲಿ. ಗಿರ್ಮಿಟ್ ಅವರು ಹೇಳಿದ ಹಾಗೇ ಆಯಿತು, ಜಾಗ ಇಲ್ಲದೆ ಪಾರ್ಕ್ ಹತ್ತಿರ ನಿಲ್ಲಿಸಿ ನಡೆದು ಬಂದರು. ಹುಡುಗನ ತಂದೆ ಗೇಟ್ ಹತ್ತಿರ ನಿಂತುಬಿಟ್ಟರು. ನಮ್ಮ ಕಡೆ ನೋಡಲೇ ಇಲ್ಲ. ಫಾರ್ಚುನರ್ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಹಸುವಿನ ಬೆನ್ನು ಸವರುವ ಹಾಗೆ ಕೈ ಸವರಿದರು. ‘ಗಾಡಿ ನಿಮ್ದಾ?’

‘ಪಕ್ಕದ ಮನೆಯವರದು ಸಾರ್. ನಮ್ಮದು ಮುಂದಿನದು’ ಅಂದರು ನಮ್ಮವರು. ಆ ದನಿ ಕೇಳಿ ನನಗೆ ಸಮಾಧಾನ ಆಯಿತು.

ಅಷ್ಟರಲ್ಲಿ ಪಕ್ಕದ ಕಾಂಪೌಂಡ್‌ನಿಂದ ‘ನಂದೇ ಸಾರ್, ಬನ್ನಿ ಬನ್ನಿ, ಒಂದು ರೌಂಡ್ ನೋಡ್ಕೊಂಡು ಬರೋಣ’ ಅಂತ ಕೂಗು ಬಂತು. ಹುಡುಗನ ತಂದೆ ಚಪ್ಪಲಿ ಕೂಡ ಬಿಡಲಿಲ್ಲ, ಹತ್ತಿಯೇ ಬಿಟ್ಟರು. ಜತೆಗೆ ಬಂದಿದ್ದ ಸೋದರಮಾವನೂ ಹತ್ತಿದರು. ಕೊನೆಗೆ ನಮ್ಮ ಯಜಮಾನರನ್ನೂ ಎಳೆದು ಕೂರಿಸಿಕೊಂಡರು. ಪರಪರ ಅಂತ ಸದ್ದು ಮಾಡಿಕೊಂಡು ಮೂವರೂ ಪ್ಲಾಸ್ಟಿಕ್ ಮೇಲೆ ಕೂತು ಚಾಮುಂಡಿ ಬೆಟ್ಟದ ಕಡೆ ಹೊರಟುಹೋದರು. ನಾನು ಕೇಸರಿಬಾತ್ ಪ್ಲೇಟ್ ಹಿಡಿದು ಬಾಗಿಲಲ್ಲಿ!

ಬಂದದ್ದು ಮುಕ್ಕಾಲು ಗಂಟೆ ಬಿಟ್ಟು. ಖಾರಾಬಾತ್ ಕಲ್ಲಾಗಿತ್ತು. ಹುಡುಗನ ತಾಯಿ ಒಳ್ಳೆಯವರು. ‘ಇವರು ಹೀಗೇನೇ, ಟ್ರ್ಯಾಕ್ಟರ್ ಕಂಡ್ರೂ ನಿಲ್ತಾರೆ’ ಅಂತ ನನ್ನ ಜತೆ ಅಡುಗೆಮನೆಗೇ ಬಂದು ಕೂತರು. ಹುಡುಗ, ಹುಡುಗಿ ಮಹಡಿ ಮೇಲೆ ಮಾತಾಡುತ್ತಿದ್ದರು. ದೊಡ್ಡವರು ಯಾರೂ ಇಲ್ಲದ್ದರಿಂದ ಯಾರೂ ಕೂಗಿ ಕರೆಯಲಿಲ್ಲ. ಹೇಗೆ ಅನ್ನಿಸಿದ ಅಂತ ಕೇಳಿದರೆ ಮಗಳು ‘ಮಾತಾಡೋಕೆ ಟೈಮ್ ಸಿಕ್ತು ಬಿಡಮ್ಮ’ ಅಂತ ಆ ಕಡೆ ತಿರುಗಿ ನಕ್ಕಳು.

ಹೋಗುವಾಗ ‘ಫೋನ್ ಮಾಡ್ತೀವಿ’ ಅಂದಿದ್ದರು. ಇವತ್ತಿಗೆ ನಾಲ್ಕು ದಿನ ಆಯಿತು, ನಮಗೆ ಇನ್ನೂ ಬಂದಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ನಿನ್ನೆ ಹುಡುಗನ ತಂದೆ ಫೋನ್ ಮಾಡಿದ್ದರಂತೆ, ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳೋಕೆ.