ಕಾನ್ವೆಂಟ್ ಸೇರುವ ಮುನ್ನ: ಸಿಸ್ಟರ್ ಅವರನ್ನು ಕೇಳಿ

ನಿರ್ವಾಹಕರು: ಹನ್ನೊಂದು ವರ್ಷ ನೊವಿಸ್‌ಗಳಿಗೆ, ಅಂದರೆ ವ್ರತಕ್ಕೆ ಮುನ್ನ ತರಬೇತಿಯಲ್ಲಿರುವವರಿಗೆ, ಮಾರ್ಗದರ್ಶಿಯಾಗಿದ್ದ ಕಥೋಲಿಕ ಸಿಸ್ಟರ್ ಒಬ್ಬರು ಈ ಸಂಜೆ ಉತ್ತರಿಸುತ್ತಾರೆ. ಹೆಸರು ಬೇಡ, ಊರು ಸಾಕು.

ಹಾಸನ: ನಮಸ್ಕಾರ ಸಿಸ್ಟರ್. ಮಗಳಿಗೆ ಹದಿನಾರು. ಎಸ್ಸೆಸ್ಸೆಲ್ಸಿ ಮುಗಿದಿದೆ. ಈಗಲೇ ಕಳುಹಿಸಬಹುದೇ?

ಸಿಸ್ಟರ್: ನಮಸ್ಕಾರ ಅಮ್ಮ. ಧರ್ಮಸಭೆಯ ಕಾನೂನಿನಂತೆ 17 ತುಂಬದವರನ್ನು ನೊವಿಷಿಯೇಟಿಗೆ, ಅಂದರೆ ನೊವಿಸ್ ತರಬೇತಿಗೆ, ಸೇರಿಸಿಕೊಂಡರೆ ಅದು ಊರ್ಜಿತವಲ್ಲ. ಮೊದಲ ವ್ರತಕ್ಕೆ 18, ಜೀವನಪೂರ್ತಿಯ ನಿತ್ಯವ್ರತಕ್ಕೆ 21. ಅವಳು ಪಿಯುಸಿ ಓದಲಿ. ರಜೆಯಲ್ಲಿ ಬಂದು ನಾಲ್ಕು ದಿನ ಇದ್ದು ನೋಡಲಿ, ನಾವೂ ಅವಳನ್ನು ನೋಡುತ್ತೇವೆ.

ಚಿಕ್ಕಮಗಳೂರು: ಯಾವ ಕಾಗದಗಳು ಬೇಕು? ನೊವಿಷಿಯೇಟ್ ಎಷ್ಟು ಕಾಲ?

ಸಿಸ್ಟರ್: ಜ್ಞಾನಸ್ನಾನ ಮತ್ತು ದೃಢೀಕರಣ ಸಂಸ್ಕಾರಗಳ ಪತ್ರ, ವಿವಾಹಬಂಧನವಿಲ್ಲ ಎಂಬ ದಾಖಲೆ, ಆರೋಗ್ಯದ ವರದಿ. ಮೊದಲು ಆಕಾಂಕ್ಷಿ, ನಂತರ ಪೋಸ್ಟುಲೆಂಟ್ (ಪ್ರವೇಶಾರ್ಥಿ), ಆಮೇಲೆ ನೊವಿಸ್. ನೊವಿಷಿಯೇಟ್ ಕನಿಷ್ಠ 12 ತಿಂಗಳು. ಎರಡು ವರ್ಷ ಮೀರುವಂತಿಲ್ಲ, ಸಂದೇಹವಿದ್ದರೆ ಮಾತ್ರ ಇನ್ನು ಆರು ತಿಂಗಳು. ಒಟ್ಟು ಮೂರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಅಸಿಂಧು. ವ್ರತಕ್ಕೆ ಮುಂಚೆ ಯಾವ ದಿನ ಬೇಕಾದರೂ ನೊವಿಸ್ ಮನೆಗೆ ಹೋಗಬಹುದು.

ಕೊಳ್ಳೇಗಾಲ: ಸಿಸ್ಟರ್, ನನಗೆ 19. ಜೂನ್‌ನಲ್ಲಿ ಸೇರಬೇಕು. ಎಂಟನೇ ತರಗತಿಯಿಂದ ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಕಾಯಿಲೆ ಇದೆಯೆಂದರೆ ಬಾಗಿಲಿನಿಂದಲೇ ಕಳುಹಿಸುತ್ತಾರೆ ಎಂದು ಅತ್ತೆ ಹೇಳಿದರು. ವಾಟ್ಸ್‌ಆ್ಯಪ್‌ನಲ್ಲಿ ಬಂದಂತೆ ಒಂಬತ್ತು ಮಂಗಳವಾರದ ನೊವೇನ ಪ್ರಾರ್ಥನೆ ಹಿಡಿದು, ಆಶೀರ್ವದಿಸಿದ ಎಣ್ಣೆ ಹಚ್ಚಿಕೊಂಡು ಮಾತ್ರೆ ಬಿಟ್ಟಿದ್ದೇನೆ. ಆರು ದಿನವಾಯಿತು. ಫಾರಂನಲ್ಲಿ ಬರೆಯಲೇಬೇಕೇ?

ಶಿವಮೊಗ್ಗ: ಕನಿಷ್ಠ ವಯಸ್ಸು ಎಷ್ಟು ಸಿಸ್ಟರ್?

ಸಿಸ್ಟರ್: ಶಿವಮೊಗ್ಗ, ಮೇಲೆ ಬರೆದಿದ್ದೇನೆ.

ಕೊಳ್ಳೇಗಾಲದ ಮಗಳೇ, ಫಾರಂ ಮಾತು ಆಮೇಲೆ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ನಿಲ್ಲದೆ ಬರಬಹುದು, ಪ್ರಾಣಕ್ಕೇ ಅಪಾಯ. ನಿನ್ನ ಡಾಕ್ಟರಿಗೆ ಈಗಲೇ ಫೋನ್ ಮಾಡು. ಆರು ದಿನ ಬಿಟ್ಟಿದ್ದೇನೆ ಎಂದು ಹೇಳಿ, ಯಾವ ಪ್ರಮಾಣದಲ್ಲಿ ಶುರು ಮಾಡಬೇಕೆಂದು ಕೇಳು. ಅಲ್ಲಿಯವರೆಗೆ ಬಾವಿಕಟ್ಟೆಗೆ ಹೋಗಬೇಡ, ಬಚ್ಚಲ ಚಿಲಕ ಹಾಕಬೇಡ, ಒಬ್ಬಳೇ ಮಲಗಬೇಡ.

ನಾನು ಈ ಹೊಣೆ ಹೊತ್ತ ಮೊದಲ ವರ್ಷ, ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ನೊವಿಸ್‌ಳ ಕೈಯಿಂದ ಕೀರ್ತನೆಯ ಪುಸ್ತಕ ಜಾರಿತು. ಹಿಂದೆಯೇ ಅವಳು ಬೆಂಚಿನ ಮೂಲೆಗೆ ಬಡಿದು ಬಿದ್ದಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅವಳ ಟ್ರಂಕಿನಲ್ಲಿ ಕಾಲುಚೀಲದೊಳಗೆ ಮಾತ್ರೆಯ ಹಾಳೆ ಸಿಕ್ಕಿತು. ಹೆಚ್ಚು ದಿನ ಬರಲಿ ಎಂದು ಪ್ರತಿ ಮಾತ್ರೆಯನ್ನೂ ಅರ್ಧಕ್ಕೆ ಮುರಿದು, ಉಳಿದ ಚೂರನ್ನು ಹಾಳೆಯ ಅದೇ ಗುಳಿಯೊಳಗೆ ತುರುಕಿಟ್ಟಿದ್ದಳು. ಮನೆಯಿಂದ ತರಿಸಿದರೆ ಗುಟ್ಟು ರಟ್ಟಾಗುತ್ತದಲ್ಲ. ಎಚ್ಚರವಾದಾಗ ಅವಳು ಕೇಳಿದ್ದು ಒಂದೇ ಮಾತು: "ಮನೆಗೆ ಕಳುಹಿಸುತ್ತೀರಾ?" ಹೇಳಬಹುದಾದ ಧೈರ್ಯವನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾನೂನು ಆರೋಗ್ಯವನ್ನು ಕೇಳುತ್ತದೆ ನಿಜ. ಆದರೆ ಮೋಸದಿಂದ ಒಳಗೆ ಬಂದರೆ ಆ ಪ್ರವೇಶವೇ ಊರ್ಜಿತವಾಗುವುದಿಲ್ಲ. ಅವಳ ವಿಷಯದಲ್ಲಿ ನಾವು ಮೊದಲಿನಿಂದ ಶುರು ಮಾಡಬೇಕಾಯಿತು. ಔಷಧ ಹಿಡಿತಕ್ಕೆ ಬಂದ ಮೇಲೆ, ಎಲ್ಲ ತಿಳಿದೇ ಮತ್ತೆ ಸೇರಿಸಿಕೊಂಡೆವು. ನಿನಗೂ ಹಾಗೇ ಆಗುತ್ತದೆ ಎಂದು ಮಾತು ಕೊಡಲಾರೆ; ಒಂದು ಸಂಸ್ಥೆ ಬೇಡ ಎನ್ನಬಹುದು. ಆದರೂ ಬರೆ. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಸಲ ಬಂದ ದಿನ, ಎಲ್ಲವನ್ನೂ.

ಭದ್ರಾವತಿ: ನನಗೆ 46. ಪತಿ ತೀರಿಕೊಂಡು ಎರಡು ವರ್ಷ. ಮಗ ಕೆಲಸಕ್ಕೆ ಸೇರಿದ್ದಾನೆ. ನನ್ನಂಥವಳನ್ನು ಯಾರಾದರೂ ಸೇರಿಸಿಕೊಳ್ಳುತ್ತಾರೆಯೇ ಸಿಸ್ಟರ್?

ಉಡುಪಿ: ಬಂದದ್ದನ್ನು ಹಾಕುತ್ತಿದ್ದೇನೆ: "ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಬೀಗದಕೈ ಕೊಡಿ. ಬಿಳಿ ಸೀರೆಯ ಕನಸು ಮೂರು ಸಲ ಬಿದ್ದರೆ ಅದೇ ದೈವಕರೆ."

ಸಿಸ್ಟರ್: ಬೀಗದಕೈ ಕೊಡಬೇಡಿ. ಬಾಯಿಗೆ ಚಮಚ ತುರುಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಕನಸಿನ ಲೆಕ್ಕದ ಮೇಲೆ ಯಾರನ್ನೂ ನಾನು ಸೇರಿಸಿಕೊಂಡಿಲ್ಲ. ನೊವೇನ ದೇವರೊಡನೆ ಮಾತನಾಡುವುದಕ್ಕೆ, ಮಾತ್ರೆ ಬಿಡುವುದಕ್ಕಲ್ಲ.

ಉಡುಪಿ: ಒಳ್ಳೆಯ ಉದ್ದೇಶದಿಂದ ಹಾಕಿದೆ.

ಸಿಸ್ಟರ್: ಕೊಳ್ಳೇಗಾಲದ ಹುಡುಗಿ ಮಾತ್ರೆ ಬಿಟ್ಟದ್ದೂ ಅಂಥದ್ದೇ ಸಂದೇಶ ಓದಿ. ಅಳಿಸಿಹಾಕಿ.

ತುಮಕೂರು: ನನಗೆ ಮೂವರು ಹೆಣ್ಣುಮಕ್ಕಳು, ಮೈತುಂಬ ಸಾಲ. ನಡುವಿನವಳಿಗೆ ಮನಸ್ಸಿಲ್ಲ, ಹೋದಮೇಲೆ ಸರಿಹೋಗುತ್ತಾಳೆ. ಸಂಬಳದಲ್ಲಿ ಸ್ವಲ್ಪ ಮನೆಗೆ ಕಳುಹಿಸಬಹುದೇ?

ಮಂಗಳೂರು: ಬಡತನದ ವ್ರತ ಎಂದರೇನು ಗೊತ್ತೇ ನಿಮಗೆ? ಶಾಲೆಯಲ್ಲಿ ಪಾಠ ಮಾಡುವ ಸಿಸ್ಟರ್ ಸಂಬಳ ಸಂಸ್ಥೆಗೆ ಹೋಗುತ್ತದೆ.

ತುಮಕೂರು: ಹೆತ್ತು ಸಾಕಿದವರಿಗೆ ಒಂದು ರೂಪಾಯಿಯೂ ಇಲ್ಲವೇ? ಚೆನ್ನಾಗಿದೆ ನಿಮ್ಮ ನ್ಯಾಯ.

ಬೆಂಗಳೂರು: ಸಂಬಳ ಸಂಸ್ಥೆಗೆ ಹೋದರೂ ಟಿಡಿಎಸ್, ಅಂದರೆ ಕೊಡುವಾಗಲೇ ಆದಾಯ ತೆರಿಗೆ, ಕಡಿಯಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ.

ಮಂಗಳೂರು: ತೆರಿಗೆಯ ಮಾತು ಇಲ್ಲಿ ಯಾಕೆ? ಮಗಳನ್ನು ಸಾಲಕ್ಕೆ ಅಡವಿಡಲು ಹೊರಟವರಿಗೆ ಮೊದಲು ಉತ್ತರ ಕೊಡಿ.

ತುಮಕೂರು: ನಾಲಗೆ ಹಿಡಿದು ಮಾತನಾಡಿ.

ಸಿಸ್ಟರ್: ಇಬ್ಬರೂ ನಿಲ್ಲಿಸಿ. ತುಮಕೂರಿನ ಅಣ್ಣ, ಬಲವಂತದಿಂದ ಬಂದವಳ ನೊವಿಷಿಯೇಟ್ ಅಸಿಂಧು. ಮನಸ್ಸಿಲ್ಲ ಎಂದು ನೀವೇ ಬರೆದಿದ್ದೀರಿ, ಕಳುಹಿಸಬೇಡಿ. ಮಂಗಳೂರು, ಸಾಲದಲ್ಲಿರುವ ತಂದೆಯೊಡನೆ ಹಾಗೆ ಮಾತನಾಡುವುದು ತಪ್ಪು.

ಮಂಗಳೂರು: ಹಾಗಾದರೆ ವ್ರತ ಬಿಟ್ಟು ಹೊರಬಂದವರಿಗೆ ಏನು ಸಿಗುತ್ತದೆ, ಅದನ್ನೂ ಹೇಳಿ.

ಸಿಸ್ಟರ್: ದುಡಿಮೆಗೆ ಪ್ರತಿಫಲ ಕೇಳುವಂತಿಲ್ಲ. ಆದರೆ ಸಂಸ್ಥೆ ಅವರೊಡನೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕೆಂದು ಅದೇ ಕಾನೂನು ಹೇಳುತ್ತದೆ. ಬರಿಗೈಯಲ್ಲಿ ಬಸ್ ಹತ್ತಿಸಿದ್ದನ್ನೂ ನಾನು ಕಂಡಿದ್ದೇನೆ. ಅದು ಪಾಪ.

ಬೀದರ್: ಹದಿನೈದಕ್ಕೆ ಸೇರಬಹುದೇ?

ಸಿಸ್ಟರ್: ಇಲ್ಲ.

ಭದ್ರಾವತಿ: ಸಿಸ್ಟರ್, ನನ್ನ ಪ್ರಶ್ನೆ ಮೇಲೆ ಉಳಿದಿದೆ.

ಬೆಂಗಳೂರು: ಟಿಡಿಎಸ್ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ.

ಕೊಳ್ಳೇಗಾಲ: ಸಿಸ್ಟರ್, ನಾಳೆ ಬೆಳಿಗ್ಗೆ ಚಿಕ್ಕಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತೇನೆ.

ಸಿಸ್ಟರ್: ನಾಳೆಯವರೆಗೆ ಕಾಯಬೇಡ, ಈ ರಾತ್ರಿಯೇ ಫೋನ್ ಮಾಡು. ಡಾಕ್ಟರ್ ಸಿಗದಿದ್ದರೆ ಹಳೆಯ ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗು, ಚಿಕ್ಕಮ್ಮನನ್ನು ಈಗಲೇ ಎಬ್ಬಿಸು. ಉಳಿದವರು ದಯವಿಟ್ಟು ಸ್ವಲ್ಪ ಹೊತ್ತು ಏನೂ ಬರೆಯಬೇಡಿ, ಇವಳ ಉತ್ತರ ನನಗೆ ಕಾಣಿಸಬೇಕು.

ಕೊಳ್ಳೇಗಾಲ: ಎಬ್ಬಿಸಿದೆ. ಚಿಕ್ಕಮ್ಮ ಚೀಟಿ ಹುಡುಕುತ್ತಿದ್ದಾರೆ.